ನಮ್ಮ ತಾಲ್ಲೂಕುಗಳ ಆಸ್ಪತ್ರೆ ಕೆಲಸಗಳೆಲ್ಲ ಬೆಂಗಳೂರಿಗೆ ಏಕೆ ಬಂದವು?

ಗಡಿನಾಡ ಶುಶ್ರೂಷಕಿ, ಲಗ್ಗೆರೆ (ಚರ್ಚೆ ಆರಂಭಿಸಿದವರು)

ಹನ್ನೊಂದು ವರ್ಷಗಳಿಂದ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಊರು ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಒಣ ತಾಲ್ಲೂಕು. ಕಳೆದ ವಾರ ರಾತ್ರಿ ಪಾಳಿಯಲ್ಲಿ ಒಬ್ಬ ಅಜ್ಜನಿಗೆ ಡ್ರಿಪ್ ಬದಲಾಯಿಸುವಾಗ ಮಾತಿಗೆ ಮಾತು ಬಂತು. ಅವರು ನಮ್ಮ ಪಕ್ಕದ ಹೋಬಳಿಯವರು. ಅವರನ್ನು ಸ್ಟ್ರೆಚರ್‌ನಲ್ಲಿ ತಳ್ಳಿಕೊಂಡು ಬಂದ ಹುಡುಗನೂ ನಮ್ಮ ಕಡೆಯವನೇ. ನೆಲ ಒರೆಸುತ್ತಿದ್ದ ಅಕ್ಕ ಮಧುಗಿರಿ ಕಡೆಯವರು. ರೋಗಿ ಊರಿನವರು, ನೋಡಿಕೊಳ್ಳುವವರೂ ಊರಿನವರು. ಆದರೆ ಎಲ್ಲರೂ ನೂರು, ನೂರೈವತ್ತು ಕಿಲೋಮೀಟರ್ ದಾಟಿ ಇಲ್ಲಿಗೆ ಬಂದು ಪರಸ್ಪರ ಭೇಟಿಯಾಗಿದ್ದೇವೆ. ಅವರು ಸಾಲ ಮಾಡಿ ಬಂದಿದ್ದಾರೆ, ನಾವು ಬಾಡಿಗೆ ಕಟ್ಟಿಕೊಂಡು ಇದ್ದೇವೆ.

ಆ ರಾತ್ರಿಯಿಂದ ಒಂದೇ ಯೋಚನೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಶೇ 61ರಷ್ಟು ಜನ ಹಳ್ಳಿಗಳಲ್ಲಿದ್ದರು. ಆಸ್ಪತ್ರೆ ಕೆಲಸ ರಾಜ್ಯದಲ್ಲಿ ಬೆಳೆಯುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ, ನನ್ನ ಕಣ್ಣಿಗೂ ಅದು ಕಾಣುತ್ತಿದೆ. ಆದರೆ ಆ ಬೆಳವಣಿಗೆ ಎಲ್ಲಿ, ಯಾವ ಬಗೆಯ ಕೆಲಸದಲ್ಲಿ? ನಮ್ಮ ತಾಲ್ಲೂಕಿನಲ್ಲಿ ಮಳೆ ಕೈಕೊಟ್ಟರೆ ಕಡಲೆಕಾಯಿ ಹೋಗುತ್ತದೆ, ಸಂತೆ ಸೊರಗುತ್ತದೆ. ಆಗಲೂ ತಪ್ಪದೆ ಸಂಬಳ ಬರುವುದು ಶಾಲೆ, ಆಸ್ಪತ್ರೆ ಮತ್ತು ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಮಾತ್ರ. ಒಬ್ಬ ನರ್ಸ್ ಊರಿನಲ್ಲಿದ್ದರೆ ಮನೆ ಬಾಡಿಗೆ, ಹಾಲು, ದಿನಸಿ, ಮಕ್ಕಳ ಟ್ಯೂಷನ್ ಎಲ್ಲ ಅಲ್ಲೇ ಖರ್ಚಾಗುತ್ತವೆ. ನನ್ನ ಹನ್ನೊಂದು ವರ್ಷದ ಸಂಬಳದ ಬಹುಪಾಲು ಈ ನಗರದ ಬಾಡಿಗೆಗೂ ಬಸ್ಸಿಗೂ ಹೋಗಿದೆ. ತಾಲ್ಲೂಕು ಆಸ್ಪತ್ರೆಯ ಖಾಲಿ ಹುದ್ದೆಯನ್ನು ನಾವು ಚಿಕಿತ್ಸೆಯ ಕೊರತೆ ಎಂದಷ್ಟೇ ಮಾತನಾಡುತ್ತೇವೆ. ಅದು ಆ ಊರಿನ ಪೇಟೆಗೆ ಬರಬೇಕಾಗಿದ್ದ ಹಣವೂ ಹೌದು ಎಂದು ನನಗೆ ಅನಿಸುತ್ತಿದೆ. ತಿಳಿದವರು ಬರೆಯಿರಿ.

ನಿವೃತ್ತ ವೈದ್ಯಾಧಿಕಾರಿ, ವಿಜಯನಗರ

ತಂಗಿ, ಮೂವತ್ತು ವರ್ಷ ಇಲಾಖೆಯಲ್ಲಿ ದುಡಿದವನಾಗಿ ಹೇಳುತ್ತೇನೆ, ನೀವು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ.

ಲೆಕ್ಕ ಕಾಗದದ ಮೇಲೆ ಸ್ಪಷ್ಟವಾಗಿದೆ. ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಇವುಗಳ ಮೇಲೆ ನೂರು ಹಾಸಿಗೆಯ ತಾಲ್ಲೂಕು ಆಸ್ಪತ್ರೆ. ಮಲೆನಾಡಿಗೆ, ಗುಡ್ಡಗಾಡಿಗೆ ಈ ಜನಸಂಖ್ಯೆಯ ಮಿತಿ ಇನ್ನೂ ಕಡಿಮೆ. ವೈದ್ಯರು, ಶುಶ್ರೂಷಾಧಿಕಾರಿಗಳು, ಔಷಧಾಧಿಕಾರಿ, ಪ್ರಯೋಗಾಲಯ ತಂತ್ರಜ್ಞರು, ಕ್ಷ-ಕಿರಣ ತಂತ್ರಜ್ಞರು, ಗುಮಾಸ್ತರು, ಡಿ ಗ್ರೂಪ್ ನೌಕರರು ಎಲ್ಲರನ್ನೂ ಸೇರಿಸಿದರೆ, ಕಾರ್ಖಾನೆ ಇಲ್ಲದ ತಾಲ್ಲೂಕಿನಲ್ಲಿ ಒಂದೇ ಆವರಣದೊಳಗೆ ಇಷ್ಟು ಬಗೆಯ ಕೆಲಸ ಕೊಡುವ ಇನ್ನೊಂದು ಸಂಸ್ಥೆ ಸಿಗುವುದು ಕಷ್ಟ.

ನಾನು ಸೇವೆಗೆ ಸೇರಿದಾಗ ವಾರ್ಡ್ ಬಾಯ್, ಆಯಾ, ಅಡುಗೆಯವರು, ಕಾವಲುಗಾರ ಎಲ್ಲರೂ ಕಾಯಂ ನೌಕರರು, ಬಹುತೇಕ ಅದೇ ಊರಿನವರು. ಅವರು ನಿವೃತ್ತರಾದಂತೆಲ್ಲ ಆ ಜಾಗಗಳು ಒಂದೊಂದಾಗಿ ಹೊರಗುತ್ತಿಗೆಗೆ ಹೋದವು. ಕೆಲಸ ಮಾಡುವ ಕೈಗಳು ಅಷ್ಟೇ ಇವೆ, ಆದರೆ ಸಂಬಳದ ಸ್ವರೂಪ ಬದಲಾಯಿತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಹೋದ ಆಯಮ್ಮನಿಗೆ ಪಿಂಚಣಿ ಇತ್ತು. ಅವರ ಜಾಗಕ್ಕೆ ಬಂದ ಸೊಸೆಗೆ ತಿಂಗಳ ಕೊನೆಗೆ ಸಂಬಳ ಬರುವುದೋ ಇಲ್ಲವೋ ಎಂಬುದೇ ಚಿಂತೆ.

ವೈದ್ಯರ ವಿಷಯ ಬೇರೆ. ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಾನೂನು 2012ರಲ್ಲಿ ಬಂತು. 2023ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಖಾಲಿ ಹುದ್ದೆ ಇದ್ದಷ್ಟು ಜನರನ್ನು ಮಾತ್ರ ನೇಮಿಸುವಂತಾಯಿತು. ಒಂದು ವರ್ಷಕ್ಕೆಂದು ಬಂದು ಹೋಗುವ ಮಕ್ಕಳಿಂದ ರೋಗಿಗಳಿಗೆ ಅನುಕೂಲವಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರು ಊರಿನಲ್ಲಿ ಬೇರು ಬಿಡುವುದಿಲ್ಲ.

ಔಷಧ ಅಂಗಡಿಯವನು, ಊರು ಚಿತ್ರದುರ್ಗ ಜಿಲ್ಲೆ, ಸದ್ಯ ಪೀಣ್ಯ

ಹಿರಿಯರ ಮೇಲೆ ಗೌರವವಿದೆ, ಆದರೆ ಒಂದು ಮಾತನ್ನು ಒಪ್ಪಲಾರೆ. ನಮ್ಮ ಅಣ್ಣ ಈಗಲೂ ತಾಲ್ಲೂಕು ಆಸ್ಪತ್ರೆಯೊಂದರ ಎದುರು ಮೆಡಿಕಲ್ ಅಂಗಡಿ ಇಟ್ಟಿದ್ದಾನೆ. ಹುದ್ದೆ ತುಂಬಿದರೆ ಹಣ ಊರಿನಲ್ಲಿ ಉಳಿಯುತ್ತದೆ ಎನ್ನುತ್ತೀರಿ. ಅಲ್ಲಿನ ತಜ್ಞ ವೈದ್ಯರು ಜಿಲ್ಲಾ ಕೇಂದ್ರದಲ್ಲಿ ಮನೆ ಮಾಡಿ ಕಾರಿನಲ್ಲಿ ಬಂದು ಹೋಗುತ್ತಾರೆ. ನರ್ಸ್‌ಗಳಲ್ಲಿ ಅರ್ಧದಷ್ಟು ಜನ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾರೆ, ಏಕೆಂದರೆ ಮಕ್ಕಳು ನಗರದ ಶಾಲೆಯಲ್ಲಿದ್ದಾರೆ. ಊರಿನಲ್ಲಿ ಅವರಿಂದ ಖರ್ಚಾಗುವುದು ಒಂದು ಊಟ, ಎರಡು ಕಾಫಿ. ನಮ್ಮ ಅಂಗಡಿ ನಡೆಯುವುದು ನೌಕರರ ಸಂಬಳದಿಂದಲ್ಲ, ರೋಗಿಗಳ ಓಡಾಟದಿಂದ. ಹೆರಿಗೆ ವೈದ್ಯೆ ರಜೆಯ ಮೇಲೆ ಹೋದ ಮೂರು ತಿಂಗಳು ಎದುರಿನ ಹೋಟೆಲಿನವರು ಇಡ್ಲಿ ಹಿಟ್ಟನ್ನು ಅರ್ಧಕ್ಕೆ ಇಳಿಸಿದ್ದರು. ಆಟೋ ನಿಲ್ದಾಣವೂ ಖಾಲಿ.

ಗಡಿನಾಡ ಶುಶ್ರೂಷಕಿ

ಇಡ್ಲಿ ಹಿಟ್ಟಿನ ಮಾತು ಓದಿ ಮನಸ್ಸು ಭಾರವಾಯಿತು. ಬಸ್ಸಿಗೆ ಹೊರಡುವವರನ್ನು ನಾನು ದೂರುವುದಿಲ್ಲ. ಆಸ್ಪತ್ರೆಯ ಹಿಂದಿನ ವಸತಿಗೃಹಗಳು ಸೋರುತ್ತಿದ್ದರೆ, ರಾತ್ರಿ ಪಾಳಿ ಮುಗಿಸಿ ಒಬ್ಬಳೇ ನಡೆದು ಹೋಗಬೇಕಾದ ದಾರಿಯಲ್ಲಿ ದೀಪವಿಲ್ಲದಿದ್ದರೆ ನಾನೂ ಬಸ್ಸನ್ನೇ ಹತ್ತುತ್ತಿದ್ದೆ. ಆದರೆ ನಿಮ್ಮ ಮಾತೇ ನನ್ನ ಮಾತನ್ನು ಗಟ್ಟಿ ಮಾಡುತ್ತದೆ: ಒಬ್ಬ ಹೆರಿಗೆ ವೈದ್ಯೆ ಇಲ್ಲದಿದ್ದರೆ ಒಂದು ಬೀದಿಯ ವ್ಯಾಪಾರವೇ ಅರ್ಧಕ್ಕೆ ಇಳಿಯುತ್ತದೆ.

ಅರ್ಥಶಾಸ್ತ್ರ ಅಧ್ಯಾಪಕ, ಮಲ್ಲೇಶ್ವರ

ಇಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಆಸ್ಪತ್ರೆಯ ಸಂಬಳದ ಹಣ ಯಾರ ಜೇಬಿನಿಂದ ಬರುತ್ತದೆ?

ಸರ್ಕಾರಿ ಆಸ್ಪತ್ರೆಯಾದರೆ ಅದು ರಾಜ್ಯದ ಖಜಾನೆಯಿಂದ, ಅಂದರೆ ತಾಲ್ಲೂಕಿನ ಹೊರಗಿನಿಂದ ಬಂದು ಒಳಗೆ ಸೇರುತ್ತದೆ. ರೋಗಿಯೇ ಕೈಯಿಂದ ಕಟ್ಟುವ ಖಾಸಗಿ ಆಸ್ಪತ್ರೆಯಾದರೆ ಅದು ಅದೇ ಊರಿನ ರೈತ ಎಮ್ಮೆ ಮಾರಿ ತಂದ ಹಣ. ಆ ಹಣ ಬೆಂಗಳೂರಿನಲ್ಲಿ ಖರ್ಚಾದರೆ ತಾಲ್ಲೂಕಿಗೆ ಎರಡು ಸಲ ನಷ್ಟ: ಉಳಿತಾಯವೂ ಹೋಯಿತು, ಅದರಿಂದ ಹುಟ್ಟಬಹುದಾಗಿದ್ದ ಕೆಲಸವೂ ಹೋಯಿತು. ಆದ್ದರಿಂದ ಆಸ್ಪತ್ರೆ ಉದ್ಯೋಗ ಹೆಚ್ಚಿತು ಎಂಬ ಒಂದೇ ಸಂಖ್ಯೆಯನ್ನು ನೋಡಿ ನಾನು ಸಂತೋಷಪಡುವುದಿಲ್ಲ.

ಹೋಲಿಕೆಗೆ ಅಮೆರಿಕದ ವೆಸ್ಟ್ ವರ್ಜೀನಿಯಾವನ್ನು ನೋಡಿ. ಗುಡ್ಡಗಾಡಿನ ರಾಜ್ಯ, ಜನಸಂಖ್ಯೆ ಹದಿನೆಂಟು ಲಕ್ಷದ ಆಸುಪಾಸು. 1940ರ ದಶಕದಲ್ಲಿ ಅಲ್ಲಿನ ಕಲ್ಲಿದ್ದಲು ಗಣಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದರು, ಈಗ ಇಪ್ಪತ್ತು ಸಾವಿರವೂ ಇಲ್ಲ. ಇಂದು ಆ ರಾಜ್ಯದ ಅತಿ ದೊಡ್ಡ ಖಾಸಗಿ ಉದ್ಯೋಗದಾತ ಡಬ್ಲ್ಯು.ವಿ.ಯು. ಮೆಡಿಸಿನ್ ಎಂಬ ಆಸ್ಪತ್ರೆಗಳ ಸಮೂಹ. ಪಕ್ಕದ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ ಉಕ್ಕಿನ ಕಂಪನಿ ಕಟ್ಟಿದ ಅರವತ್ತನಾಲ್ಕು ಅಂತಸ್ತಿನ ಗೋಪುರದ ನೆತ್ತಿಯ ಮೇಲೆ ಈಗ ಬೆಳಗುವುದು ಆಸ್ಪತ್ರೆ ಸಂಸ್ಥೆಯ ಹೆಸರು.

ಗಣಿ ಮುಚ್ಚಿದ ಊರಿನಲ್ಲಿ ಆಸ್ಪತ್ರೆ ನಿಂತಿರುವುದಕ್ಕೆ ಕಾರಣ ಏನು? ಅಲ್ಲಿ ಉಳಿದವರಲ್ಲಿ ವೃದ್ಧರು ಹೆಚ್ಚು. ವೃದ್ಧರ ಚಿಕಿತ್ಸೆಯ ಖರ್ಚನ್ನು ಮೆಡಿಕೇರ್, ಬಡವರ ಖರ್ಚನ್ನು ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಗಳು ಭರಿಸುತ್ತವೆ. ಅಂದರೆ ದೇಶದ ರಾಜಧಾನಿಯ ಹಣ ಆಸ್ಪತ್ರೆಯ ಬಾಗಿಲಿನಿಂದ ಊರಿಗೆ ಬರುತ್ತದೆ. 1997ರಲ್ಲಿ ಅವರು ದೂರದ ಹಳ್ಳಿಗಳ ಸಣ್ಣ ಆಸ್ಪತ್ರೆಗಳಿಗೆ ಪ್ರತ್ಯೇಕ ವರ್ಗವನ್ನೇ ಮಾಡಿದರು. ಇಪ್ಪತ್ತೈದು ಹಾಸಿಗೆ ಮೀರದ ಆಸ್ಪತ್ರೆಗೆ, ಮೆಡಿಕೇರ್ ರೋಗಿಗಳ ಮಟ್ಟಿಗೆ, ನಿಗದಿತ ದರದ ಬದಲು ತಗುಲಿದ ವೆಚ್ಚದ ಲೆಕ್ಕದಲ್ಲಿ ಹಣ ಕೊಡುವ ಏರ್ಪಾಡು. ರೋಗಿಗಳು ಕಡಿಮೆಯಾದರೂ ಬಾಗಿಲು ತೆರೆದಿರಲಿ ಎಂಬುದು ಅದರ ಉದ್ದೇಶ. ಅದರಲ್ಲಿಯೂ ಅಪಾಯವಿದೆ. ರಾಜಧಾನಿ ಕೈ ಬಿಗಿ ಹಿಡಿದರೆ ಊರಿನ ಅತಿ ದೊಡ್ಡ ಸಂಬಳದ ಪಟ್ಟಿಯೇ ನಡುಗುತ್ತದೆ. 2025ರಲ್ಲಿ ಮೆಡಿಕೇಡ್ ವೆಚ್ಚವನ್ನು ತಗ್ಗಿಸುವ ಕಾನೂನು ಬಂದಾಗ ಗ್ರಾಮೀಣ ಆಸ್ಪತ್ರೆಗಳಿಗೆಂದು ಐದು ಸಾವಿರ ಕೋಟಿ ಡಾಲರ್‌ನ ಪ್ರತ್ಯೇಕ ನಿಧಿಯನ್ನು ಇಡಬೇಕಾಗಿ ಬಂದದ್ದು ಈ ಭಯದಿಂದಲೇ.

ಮಾರಿಕುಪ್ಪಂ ರೈಲಿನ ಪ್ರಯಾಣಿಕ

ಗಣಿ ಮುಚ್ಚಿದ ಊರು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಸರ್. ನಾನು ಕೆ.ಜಿ.ಎಫ್‌.ನವನು. 2001ರ ಫೆಬ್ರವರಿ 28ರಂದು ನಮ್ಮ ಚಿನ್ನದ ಗಣಿ ಮುಚ್ಚಿತು. ಅಪ್ಪ ಕೆಲಸ ಕಳೆದುಕೊಂಡರು. ಗಣಿಯ ಜೊತೆ ನಮ್ಮ ಗಣಿ ಆಸ್ಪತ್ರೆಯೂ ಹೋಯಿತು. ಒಂದು ಕಾಲಕ್ಕೆ ಸುತ್ತಮುತ್ತಲಿನವರು ಚಿಕಿತ್ಸೆಗೆ ಅಲ್ಲಿಗೇ ಬರುತ್ತಿದ್ದರು. ಗಣಿಯ ದೂಳಿನಿಂದ ಸಿಲಿಕೋಸಿಸ್ ರೋಗ ಹಿಡಿದ ಎದೆಗಳ ಸದ್ದು ಕೇಳಿ ಬಲ್ಲ ವೈದ್ಯರು ಅಲ್ಲಿದ್ದರು. ಅಮ್ಮನ ಅಕ್ಕ ಅಲ್ಲಿಯೇ ಆಯಾ ಆಗಿದ್ದವರು.

ವೆಸ್ಟ್ ವರ್ಜೀನಿಯಾದಲ್ಲಿ ಗಣಿ ಹೋದ ಮೇಲೆ ಆಸ್ಪತ್ರೆ ಉಳಿಯಿತು. ನಮ್ಮಲ್ಲಿ ಎರಡೂ ಹೋದವು, ಉಳಿದದ್ದು ರೈಲು. ಬೆಳಗಿನ ಕತ್ತಲಲ್ಲಿ ನಮ್ಮ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಗಾಡಿಯಲ್ಲಿ ನಿಂತುಕೊಂಡು ಬರುವವರನ್ನು ಮಾತನಾಡಿಸಿ ನೋಡಿ. ಭದ್ರತಾ ಸಿಬ್ಬಂದಿ, ಗಾರ್ಮೆಂಟ್ಸ್, ಮಾಲ್, ಆಸ್ಪತ್ರೆ. ನನ್ನ ಹೆಂಡತಿ ನಗರದ ಒಂದು ಆಸ್ಪತ್ರೆಯ ಹೌಸ್‌ಕೀಪಿಂಗ್‌ನಲ್ಲಿದ್ದಾಳೆ. ಏಳು ವರ್ಷದಿಂದ ಅದೇ ಮಹಡಿ, ಅದೇ ಕಸಬರಿಗೆ. ಗುತ್ತಿಗೆದಾರರು ಮಾತ್ರ ಮೂವರು ಬದಲಾದರು. ಪ್ರತಿ ಸಲ ಹೊಸ ಸಮವಸ್ತ್ರ, ಹೊಸ ಭವಿಷ್ಯನಿಧಿ ಸಂಖ್ಯೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಹಣಕ್ಕೆ ಐದು ವರ್ಷ ಸತತವಾಗಿ ಆಗಿರಬೇಕು ಎನ್ನುತ್ತಾರೆ. ಗುತ್ತಿಗೆದಾರ ಬದಲಾದಂತೆಲ್ಲ ಅವಳ ವರ್ಷಗಳು ಮತ್ತೆ ಒಂದರಿಂದ ಶುರುವಾಗುತ್ತವೆ.

ದಿನಕ್ಕೆ ಐದು ಗಂಟೆ ರೈಲಿನಲ್ಲಿ. ಮನೆಗೆ ಬಂದಾಗ ಮಗಳು ಮಲಗಿರುತ್ತಾಳೆ.

ಗಡಿನಾಡ ಶುಶ್ರೂಷಕಿ

ಅಣ್ಣ, ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ. ವಾರ್ಡ್ ಸ್ವಚ್ಛವಾಗಿಲ್ಲದಿದ್ದರೆ ನಾವು ಕೊಡುವ ಯಾವ ಔಷಧವೂ ಕೆಲಸ ಮಾಡುವುದಿಲ್ಲ. ಸೋಂಕು ನಿಯಂತ್ರಣದ ತರಬೇತಿಯಲ್ಲಿ ನಮಗೆ ಮೊದಲು ಹೇಳಿಕೊಡುವುದೇ ಅದು. ಆ ಕೆಲಸ ಮಾಡುವವರು ಮಾತ್ರ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಇಲ್ಲ.

ನರ್ಸ್‌ಗಳ ಸಂಬಳದ ಕಥೆಯೂ ಹೇಳುತ್ತೇನೆ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಬೇಕು, ಐವತ್ತಕ್ಕಿಂತ ಕಡಿಮೆ ಹಾಸಿಗೆಯವು ಕೂಡ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತು. ಅದು ಶಿಫಾರಸು, ಜಾರಿ ರಾಜ್ಯಗಳಿಗೆ ಬಿಟ್ಟದ್ದು. ಅದು ಬಂದ ವರ್ಷ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ನಮ್ಮ ಕೈಗೆ ಸಿಗುತ್ತಿದ್ದದ್ದು ಆ ಕನಿಷ್ಠಕ್ಕಿಂತ ಬಹಳ ಕಡಿಮೆ. ಜೊತೆಗೆ ಓದಿದ ಹನ್ನೆರಡು ಜನರಲ್ಲಿ ನಾಲ್ವರು ಕೊಲ್ಲಿ ರಾಷ್ಟ್ರಗಳಿಗೆ ಹೋದರು, ಇಬ್ಬರು ಕೆಲಸವನ್ನೇ ಬಿಟ್ಟರು. ಸರ್ಕಾರಿ ಹುದ್ದೆ ಸಿಕ್ಕಿದ್ದು ಒಬ್ಬಳಿಗೆ. ಅವಳು ತನ್ನ ಊರಿನಿಂದ ಹದಿನೆಂಟು ಕಿಲೋಮೀಟರ್ ದೂರದ ಆರೋಗ್ಯ ಕೇಂದ್ರದಲ್ಲಿದ್ದಾಳೆ. ಸ್ಕೂಟರ್ ತೆಗೆದುಕೊಂಡಳು, ಮನೆಗೆ ಮಹಡಿ ಕಟ್ಟಿಸಿದಳು, ತಮ್ಮನನ್ನು ಡಿಪ್ಲೊಮಾ ಓದಿಸಿದಳು. ಮಹಡಿಗೆ ಇಟ್ಟಿಗೆ, ಗಾರೆ ಕೆಲಸ, ಕಿಟಕಿ ಎಲ್ಲವೂ ಅದೇ ಹೋಬಳಿಯವರದು. ನಾನು ಹೇಳಹೊರಟಿದ್ದು ಇದನ್ನೇ.

ಕಲಬುರಗಿ ಮೂಲ, ಹೆಬ್ಬಾಳ

ನಮ್ಮ ಕಡೆ ಒಂದು ಒಳ್ಳೆಯ ಬದಲಾವಣೆ ಆಗಿದೆ, ಅದನ್ನೂ ಹೇಳಬೇಕು. ಹೃದ್ರೋಗಕ್ಕೆ ನಮ್ಮವರು ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಬೆಂಗಳೂರಿಗೋ, ಇಲ್ಲವೇ ಸೊಲ್ಲಾಪುರ, ಹೈದರಾಬಾದಿಗೋ ಹೋಗುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. 371 ಹಾಸಿಗೆ. ಆ ಸಂಖ್ಯೆ ಸುಮ್ಮನೆ ಬಂದದ್ದಲ್ಲ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 (ಜೆ) ವಿಧಿಯ ನೆನಪು. ಆ ವಿಧಿಯ ಬಲದಿಂದ ಸಿ ವೃಂದದಲ್ಲಿ ಶೇ 80, ಡಿ ವೃಂದದಲ್ಲಿ ಶೇ 85 ಹುದ್ದೆಗಳು ಸ್ಥಳೀಯರಿಗೆ ಮೀಸಲು.

ನನ್ನ ಆತಂಕ ಇಷ್ಟೇ. ಡಿ ವೃಂದದ ಕೆಲಸವನ್ನೇ ಹೊರಗುತ್ತಿಗೆಗೆ ಕೊಟ್ಟರೆ ಹುದ್ದೆಯೇ ಇರುವುದಿಲ್ಲ. ಇಲ್ಲದ ಹುದ್ದೆಯ ಶೇ 85 ಎಷ್ಟು? ಎಷ್ಟೋ ವರ್ಷ ಹೋರಾಡಿ ಪಡೆದ ಹಕ್ಕು ಟೆಂಡರ್ ಕಾಗದದಲ್ಲಿ ಕರಗಬಾರದು.

ಆಶಾ ಕಾರ್ಯಕರ್ತೆಯ ಮಗ, ಕೆಂಗೇರಿ

ಎಲ್ಲರೂ ಆಸ್ಪತ್ರೆಯೊಳಗಿನವರ ಬಗ್ಗೆ ಬರೆದಿದ್ದೀರಿ. ಆಸ್ಪತ್ರೆಗೆ ಜನರನ್ನು ಕರೆತರುವವರನ್ನೂ ಎಣಿಸಿ. ಹಳ್ಳಿಗಳಲ್ಲಿ ಸುಮಾರು ಸಾವಿರ ಜನರಿಗೆ ಒಬ್ಬರಂತೆ, ರಾಜ್ಯದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗಿನಿಂದ ಸರ್ಕಾರದ ಕಡತದಲ್ಲಿ ಅವರು ಸ್ವಯಂಸೇವಕಿಯರು. ಅವರಿಗೆ ಸಿಗುವುದು ಗೌರವಧನ, ಪ್ರೋತ್ಸಾಹಧನ. ಸಂಬಳ ಎಂಬ ಪದ ಬಳಸುವುದಿಲ್ಲ, ಏಕೆಂದರೆ ಸಂಬಳ ಎಂದರೆ ನೌಕರಿ ಎಂದಾಗುತ್ತದೆ. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನವೇ 2013ರಲ್ಲಿ ಇಂಥ ಯೋಜನೆಗಳ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಗುರುತಿಸಬೇಕು ಎಂದು ಹೇಳಿತ್ತು.

2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ರಾತ್ರಿಗಳನ್ನು ಕಳೆದರು. ಅಮ್ಮನೂ ಅಲ್ಲಿದ್ದಳು. ಕೆಂಗೇರಿಯಿಂದ ನಾನು ಅನ್ನ ಸಾರು ಕಟ್ಟಿಕೊಂಡು ಹೋಗುತ್ತಿದ್ದೆ. ಅಮ್ಮ ಅಲ್ಲಿಂದಲೇ ಊರಿನ ಒಬ್ಬ ಗರ್ಭಿಣಿಗೆ ಫೋನ್ ಮಾಡಿ, ನೋವು ಬಂದರೆ 108ಕ್ಕೆ ಕರೆ ಮಾಡು, ತಾಯಿ ಕಾರ್ಡ್ ಮರೆಯಬೇಡ ಎನ್ನುತ್ತಿದ್ದಳು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಸಿಕ್ಕಿದ ಮೇಲೆ ಎದ್ದು ಬಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ಆ ಭರವಸೆಯನ್ನು ನೆನಪಿಸಲು ಮತ್ತೆ ಬೀದಿಗೆ ಇಳಿಯಬೇಕಾಯಿತು.

ಕಾರ್ಮಿಕ ವಕೀಲೆ, ಬಸವನಗುಡಿ

ಕೆ.ಜಿ.ಎಫ್‌. ಅಣ್ಣನವರಿಗೆ ಮೊದಲು ಒಂದು ಕೆಲಸದ ಮಾತು. ಭವಿಷ್ಯನಿಧಿಯ ಯು.ಎ.ಎನ್. ಸಂಖ್ಯೆ ಒಬ್ಬರಿಗೆ ಒಂದೇ ಇರಬೇಕು, ಗುತ್ತಿಗೆದಾರ ಬದಲಾದರೂ ಅದು ಬದಲಾಗಬಾರದು. ಹಳೆಯ ಮೂರು ಖಾತೆಗಳನ್ನು ಒಂದೇ ಸಂಖ್ಯೆಗೆ ವರ್ಗಾಯಿಸಲು ಅರ್ಜಿ ಹಾಕಿ. ವೇತನ ಚೀಟಿ, ಹಳೆಯ ಗುರುತಿನ ಚೀಟಿ, ಇ.ಎಸ್.ಐ. ಕಾರ್ಡ್ ಯಾವುದನ್ನೂ ಬಿಸಾಡಬೇಡಿ. ಒಂದೇ ಜಾಗದಲ್ಲಿ ಏಳು ವರ್ಷ ದುಡಿದಿದ್ದಾರೆ ಎಂಬುದಕ್ಕೆ ಅವೇ ಸಾಕ್ಷಿ.

ಗುತ್ತಿಗೆ ಕೆಲಸ ಕಾಯಂ ಆಗುವ ಬಗ್ಗೆ ಇಡೀ ದೇಶ ಉಲ್ಲೇಖಿಸುವ ತೀರ್ಪು ನಮ್ಮ ರಾಜ್ಯದ ಪ್ರಕರಣವೇ. 2006ರ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನಿಯಮದಂತೆ ನೇಮಕವಾಗದ ತಾತ್ಕಾಲಿಕ ನೌಕರರು ಕಾಯಂಗೊಳಿಸಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಒಂದು ಬಾರಿಯ ಪರಿಹಾರಕ್ಕೆ ಮಾತ್ರ ದಾರಿ ಬಿಟ್ಟಿತು. ಆ ತೀರ್ಪನ್ನು ಹಿಡಿದುಕೊಂಡು ಇಲಾಖೆಗಳು ಎರಡು ದಶಕ ಬಾಗಿಲು ಮುಚ್ಚಿದವು. 2024ರ ಡಿಸೆಂಬರ್‌ನಲ್ಲಿ ಜಗ್ಗೊ ಪ್ರಕರಣದಲ್ಲಿ ಅದೇ ನ್ಯಾಯಾಲಯ, ವರ್ಷಾನುಗಟ್ಟಲೆ ಕಾಯಂ ಸ್ವರೂಪದ ಕೆಲಸ ಮಾಡಿಸಿಕೊಂಡು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳುವುದು ಸಲ್ಲದು ಎಂಬ ನಿಲುವು ತಳೆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ನೇರ ಗುತ್ತಿಗೆಯಲ್ಲಿರುವವರಿಗೆ ಇದು ದೊಡ್ಡ ಆಸರೆ. ಖಾಸಗಿ ಆಸ್ಪತ್ರೆಯ ಹೊರಗುತ್ತಿಗೆಯವರಿಗೆ ಇದು ನೇರವಾಗಿ ಅನ್ವಯಿಸುವುದಿಲ್ಲ. ಸುಳ್ಳು ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ.

ಔಷಧ ಅಂಗಡಿಯವನು

ನಾನು ಬರೆದದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಕಾರಿನಲ್ಲಿ ಬರುವವರು ನಾಲ್ಕೈದು ಜನ. ಊರಿನಲ್ಲೇ ಇರುವ ಆಸ್ಪತ್ರೆ ನೌಕರರು ಅದಕ್ಕಿಂತ ಬಹಳ ಹೆಚ್ಚು, ಅವರಲ್ಲಿ ಹೆಚ್ಚಿನವರು ಹೊರಗುತ್ತಿಗೆಯವರು. ಅಂಗಡಿಯ ಸಾಲದ ಪುಸ್ತಕದಲ್ಲಿ ಅವರ ಹೆಸರುಗಳೇ ಜಾಸ್ತಿ. ಮೂರು ತಿಂಗಳಿಗೊಮ್ಮೆ ಸಂಬಳವಾದ ದಿನ ಬಂದು ತೀರಿಸುತ್ತಾರೆ.

ನಿವೃತ್ತ ವೈದ್ಯಾಧಿಕಾರಿ

ಈ ಸಾಲದ ಪುಸ್ತಕದ ಮಾತು ಯಾವ ವಾರ್ಷಿಕ ವರದಿಯಲ್ಲೂ ಇರುವುದಿಲ್ಲ. ತಂಗಿ, ನಿಮ್ಮ ತಾಲ್ಲೂಕಿನ ನಿಜವಾದ ಲೆಕ್ಕ ಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯವರ ಕಚೇರಿಗೆ, ಸಾರ್ವಜನಿಕ ಮಾಹಿತಿ ಅಧಿಕಾರಿ ಎಂದು ಬರೆದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಏಕೆ ಖಾಲಿ ಇದೆ ಎಂದು ಕೇಳಬೇಡಿ, ಕಾರಣ ಕೇಳಿದರೆ ಅರ್ಜಿಯನ್ನು ಬದಿಗಿಡಲು ನೆಪ ಸಿಗುತ್ತದೆ. ಎಷ್ಟು ಎಂದು ಮಾತ್ರ ಕೇಳಿ. ನೌಕರರ ಪಟ್ಟಿ ಮತ್ತು ಮಾಸಿಕ ವೇತನವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು ಕಾಯಿದೆಯ 4 (1) (ಬಿ) ಹೇಳುತ್ತದೆ, ಅದನ್ನೂ ಉಲ್ಲೇಖಿಸಿ.

ಗಡಿನಾಡ ಶುಶ್ರೂಷಕಿ

ಈ ದಿನ ಪಾಳಿ ಮುಗಿಸಿ ಬಂದು ಬರೆದೆ. ಇಷ್ಟೇ ಇದೆ:

"ತಮ್ಮ ಆಸ್ಪತ್ರೆಯಲ್ಲಿ ಇಂದಿನ ದಿನಾಂಕಕ್ಕೆ ವೃಂದವಾರು ಮಂಜೂರಾದ ಹುದ್ದೆಗಳೆಷ್ಟು, ಕಾಯಂ ಆಗಿ ಭರ್ತಿಯಾದವೆಷ್ಟು, ನೇರ ಗುತ್ತಿಗೆಯಲ್ಲಿ ಎಷ್ಟು, ಹೊರಗುತ್ತಿಗೆಯಲ್ಲಿ ಎಷ್ಟು ಎಂಬ ಮಾಹಿತಿ. ಹೊರಗುತ್ತಿಗೆ ಸಿಬ್ಬಂದಿಗೆ ಕಳೆದ ಹನ್ನೆರಡು ತಿಂಗಳಲ್ಲಿ ವೇತನ ಪಾವತಿಯಾದ ದಿನಾಂಕಗಳ ಪಟ್ಟಿ. ವಸತಿಗೃಹಗಳ ಸಂಖ್ಯೆ ಮತ್ತು ಅವುಗಳಲ್ಲಿ ವಾಸವಿರುವ ಸಿಬ್ಬಂದಿಯ ಸಂಖ್ಯೆ."

ವೇತನ ಪಾವತಿಯ ದಿನಾಂಕ ಸೇರಿಸಿದ್ದು ಸಾಲದ ಪುಸ್ತಕದ ಮಾತು ಓದಿದ ಮೇಲೆ. ವಸತಿಗೃಹದ ಸಾಲು ಬಸ್ಸಿಗೆ ಹೊರಡುವವರಿಗಾಗಿ. ಒಂದೇ ವಿಷಯ ಎಂಬ ನಿಯಮಕ್ಕೆ ಆ ಸಾಲು ಅಡ್ಡಿಯಾದೀತೇ ಎಂಬುದಷ್ಟೇ ಅನುಮಾನ.

ನಿವೃತ್ತ ವೈದ್ಯಾಧಿಕಾರಿ

ಅಡ್ಡಿಯಾಗಬಹುದು. ವಸತಿಗೃಹಕ್ಕೆ ಬೇರೆ ಅರ್ಜಿ ಹಾಕಿ, ಇನ್ನೂ ಹತ್ತು ರೂಪಾಯಿ ಹೋಗಲಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ಗಡಿನಾಡ ಶುಶ್ರೂಷಕಿ

ಹಾಗೆಯೇ ಮಾಡುತ್ತೇನೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಶನಿವಾರ ಬೆಳಗ್ಗೆ ಎರಡೂ ಅರ್ಜಿಗಳನ್ನು ಕೊಟ್ಟು ಬರುತ್ತೇನೆ. ಮೂವತ್ತು ದಿನದೊಳಗೆ ಉತ್ತರ ಬಂದರೆ ಸಂಖ್ಯೆಗಳನ್ನು ಇಲ್ಲಿಯೇ ಹಾಕುತ್ತೇನೆ. ನಿಮ್ಮ ನಿಮ್ಮ ತಾಲ್ಲೂಕಿಗೂ ಇದೇ ಅರ್ಜಿಯನ್ನು ಬಳಸಿಕೊಳ್ಳಿ.